ಕೊರಿಯಾದಲ್ಲಿ ‘ಮಾಂಸ ಬೇಡ’ ಎಂದರೆ ಸಾಲದು

ಕೊರಿಯಾಕ್ಕೆ ಹೊರಟವರು ಯಾರಾದರೂ ಸಿಕ್ಕರೆ ವೀಸಾ, ಚಳಿ, ಚೆರ್ರಿ ಹೂವಿನ ಮಾತನ್ನೆಲ್ಲ ಬದಿಗಿಟ್ಟು ನಾನು ನೇರ ಊಟದ ವಿಷಯಕ್ಕೆ ಬರುತ್ತೇನೆ. ಹನ್ನೊಂದು ದಿನ ಸೋಲ್, ಜೊಂಜು, ಬುಸಾನ್, ಗ್ಯೊಂಗ್ಜು ಸುತ್ತಿ ಬಂದೆವು. ನಾನು ಮಂಗಳೂರಿನವನು, ನೀರಿನಲ್ಲಿ ಈಜುವುದೆಲ್ಲ ನನಗೆ ಊಟವೇ. ಹೆಂಡತಿ ಮೈಸೂರಿನವಳು, ಮೊಟ್ಟೆಯಿಂದ ಆಚೆಗೆ ದಾಟಿದವಳಲ್ಲ. ಅವಳು ನಂಬಿ ಕೆಟ್ಟಳು, ನಾನು ಅಹಂಕಾರದಿಂದ ಕೆಟ್ಟೆ.

ಹೊರಡುವ ಮೊದಲು ಒಂದೇ ಒಂದು ವಾಕ್ಯ ಬಾಯಿಪಾಠ ಮಾಡಿದ್ದೆವು: ‘ಗೋಗಿ ಪ್ಪೆ ಜುಸೆಯೊ’, ಮಾಂಸ ತೆಗೆದು ಕೊಡಿ. ಸೋಲ್‌ನಲ್ಲಿ ಮೊದಲ ರಾತ್ರಿ ಅದನ್ನೇ ಹೇಳಿ ದ್ವೆಂಜಾಂಗ್ ಚಿಗೇ ತರಿಸಿದೆವು. ಹುದುಗಿಸಿದ ಸೋಯಾ ಮುದ್ದೆಯ ಸಾರು, ಅದರಲ್ಲಿ ತೋಫು, ಎಳೆ ಕುಂಬಳ. ಅಂಗಡಿಯ ಹೆಂಗಸು ‘ನೇ, ನೇ’ ಎಂದು ನಗುತ್ತ ತಲೆಯಾಡಿಸಿ ಹೋದಳು. ಕಪ್ಪು ಮಣ್ಣಿನ ಗಡಿಗೆಯಲ್ಲಿ ಕೊತಕೊತ ಕುದಿಯುತ್ತಲೇ ಬಂತು. ನಮ್ಮ ಬಸ್ಸಾರಿನ ದೂರದ ನೆಂಟನ ಹಾಗಿದೆ ಎಂದು ಹೆಂಡತಿ ಮೆಚ್ಚಿ, ಅನ್ನಕ್ಕೆ ಕಲಸಿಕೊಂಡು ಮುಕ್ಕಾಲು ಗಡಿಗೆ ಮುಗಿಸಿದಳು. ತಳಕ್ಕೆ ಚಮಚ ಹಾಕಿದಾಗ ಬೆರಳುದ್ದದ್ದೊಂದು ಮೇಲೆ ಬಂತು. ಬೆಂದು ಬಿಳುಚಿದ ಹೊಟ್ಟೆ, ಬೆಳ್ಳಿಯಂಥ ಬೆನ್ನು, ಸಾಸಿವೆ ಕಾಳಿನಷ್ಟು ಕಣ್ಣು.

“ರೀ, ಇದು ನನ್ನನ್ನೇ ನೋಡುತ್ತಿದೆ” ಎಂದಳು.

ನಮ್ಮೂರ ಬೊಳಿಂಜಿರ್ ಎಂಬ ಪುಟ್ಟ ಮೀನಿನ ಬಳಗದ್ದು. ಕೊರಿಯಾದಲ್ಲಿ ಅದರ ಹೆಸರು ಮ್ಯೊಲ್ಚಿ. ಅದನ್ನು ಒಣಗಿಸಿ, ಕಡಲ ಪಾಚಿಯ ಜೊತೆ ಕುದಿಸಿದ ನೀರು ಅಲ್ಲಿನ ಅರ್ಧ ಅಡುಗೆಗೆ ತಳಹದಿ. ಸಾಮಾನ್ಯವಾಗಿ ಸೋಸಿ ತೆಗೆಯುತ್ತಾರೆ, ಆದ್ದರಿಂದ ಕಣ್ಣಿಗೆ ಬೀಳುವುದಿಲ್ಲ. ಅಂದು ಒಂದು ತಪ್ಪಿಸಿಕೊಂಡು ಉಳಿದಿತ್ತು, ಇಲ್ಲದಿದ್ದರೆ ಹನ್ನೊಂದು ದಿನವೂ ಸಸ್ಯಾಹಾರವೆಂದೇ ಉಂಡು ಬರುತ್ತಿದ್ದಳೇನೋ. ಅಂಗಡಿಯವಳ ಮೇಲೆ ತಪ್ಪು ಹೊರಿಸಲಾರೆ. ಗೋಗಿ ಎಂದರೆ ದನ, ಹಂದಿ, ಕೋಳಿ. ಅದನ್ನು ಆಕೆ ಪ್ರಾಮಾಣಿಕವಾಗಿ ತೆಗೆದಿದ್ದಳು. “ಮಾಂಸ ಬಿಟ್ಟಿದ್ದೇನೆ, ಮೀನು ಮಾತ್ರ” ಎನ್ನುವ ನೆಂಟರ ನಡುವೆ ಬೆಳೆದ ನನಗಾದರೂ ಇದು ಹೊಳೆಯಬೇಕಿತ್ತು.

ಜೊಂಜುವಿನಲ್ಲಿ ಮತ್ತೆ ಎಡವಿದೆವು. ಆ ಊರಿನ ಹೆಸರಾಂತ ಬೆಳಗಿನ ತಿಂಡಿ ಕೊಂಗ್‌ನಾಮುಲ್ ಗುಕ್‌ಬಾಪ್, ಅಂದರೆ ಸೋಯಾ ಮೊಳಕೆಯ ಸಾರನ್ನ. ಹೆಸರಿನಲ್ಲಿ ಮೊಳಕೆ ಮಾತ್ರ ಇದೆ, ಬಟ್ಟಲಿನಲ್ಲಿ ಬೊಂಡಾಸಿನ, ಅಂದರೆ ಸ್ಕ್ವಿಡ್‌ನ, ತುಣುಕುಗಳೂ ಇದ್ದವು. ಅಲ್ಲಿನ ಬಿಬಿಂಬಾಪ್, ಅಂದರೆ ತರಕಾರಿ ಕಲಸಿದ ಅನ್ನ, ಇನ್ನೂ ಹೆಸರುವಾಸಿ. ಮೇಲಿನ ಹಸಿ ದನದ ಮಾಂಸವನ್ನು ಬೇಡವೆನ್ನಬಹುದು, ಆದರೆ ಸಾಂಪ್ರದಾಯಿಕ ಕ್ರಮದಲ್ಲಿ ಅನ್ನವನ್ನೇ ದನದ ಮೂಳೆಯ ಸಾರಿನಲ್ಲಿ ಬೇಯಿಸುತ್ತಾರೆ. ಅದನ್ನು ಯಾರು ತಾನೇ ತೆಗೆದುಕೊಡುತ್ತಾರೆ? ಎಲೆಕೋಸಿನ ಉಪ್ಪಿನಕಾಯಿಯಂಥ ಕಿಮ್ಚಿಗೆ ಸಾಮಾನ್ಯವಾಗಿ ಹುದುಗಿಸಿದ ಸೀಗಡಿ ಅಥವಾ ಮೀನಿನ ರಸ ಬೀಳುತ್ತದೆ. ತೋಫು ಸಾರಿನಲ್ಲಿ ಮರುವಾಯಿ ಎಂಬ ಚಿಪ್ಪುಜೀವಿ, ಅಕ್ಕಿ ಕಡುಬಿನ ಖಾರದ ತಿಂಡಿ ತೊಕ್‌ಪೊಕ್ಕಿಯಲ್ಲಿ ಮೀನಿನ ಹಿಟ್ಟಿನ ಪಟ್ಟಿ, ತರಕಾರಿ ಸುರುಳಿಯಂತೆ ಕಾಣುವ ಗಿಂಬಾಪ್‌ನಲ್ಲಿ ಹ್ಯಾಮ್.

ಇನ್ನು ನನ್ನ ಸರದಿ. ಬುಸಾನ್‌ನ ಕಡಲ ದಂಡೆಯ ಒಂದು ಮೀನು ಮಾರುಕಟ್ಟೆ. ಯಾವುದೆಂದು ಹೇಳುವುದಿಲ್ಲ, ಈ ಪದ್ಧತಿ ಒಂದೇ ಕಡೆಯದಲ್ಲ. ಕೆಳಗೆ ತೊಟ್ಟಿಯಲ್ಲಿ ಜೀವಂತ ಮೀನು ಆರಿಸಿ ಹಣ ಕೊಡಬೇಕು, ಮಹಡಿಯ ಮೇಲೆ ಕೂತರೆ ಹೆಚ್ಚಿ ತಂದು ಬಡಿಸುತ್ತಾರೆ. ಬಂದರಿನ ಹರಾಜು ನೋಡುತ್ತ ಬೆಳೆದವನಿಗೆ ಮೀನಿನ ವ್ಯಾಪಾರ ಹೇಳಿಕೊಡಬೇಕೆ ಎಂಬ ಗತ್ತಿನಲ್ಲಿ, ನಮ್ಮ ನಂಗಿನಂಥ ಚಪ್ಪಟೆ ಮೀನೊಂದಕ್ಕೆ 50,000 ವಾನ್ ಕೊಟ್ಟೆ. ತೂಕದ ಬುಟ್ಟಿಯಿಂದ ನೀರು ಸೋರುತ್ತಿದ್ದುದು ಕಾಣುತ್ತಿತ್ತು, ಸುಮ್ಮನಿದ್ದೆ. ಗೋಡೆಯ ಮೇಲೆ ಮೀನಿನ ಹೆಸರುಗಳ ಮುಂದೆ ಅಂಕಿಯ ಬದಲು ‘ಸಿಗಾ’ ಎಂದು ಬರೆದಿತ್ತು. ಆ ದಿನದ ಮಾರುಕಟ್ಟೆ ಬೆಲೆ ಎಂದರ್ಥವಂತೆ. ‘ಸಿಕ್ಕಷ್ಟು’ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ.

ಮೇಲೆ ಕೂತದ್ದೇ ತಡ, ಮೇಜು ತುಂಬ ತಟ್ಟೆಗಳು ಬಂದವು. ಕೊರಿಯಾದಲ್ಲಿ ಬಂಚಾನ್ ಎಂಬ ಪಕ್ಕದ ವ್ಯಂಜನಗಳಿಗೆ ದುಡ್ಡಿಲ್ಲ, ಕೇಳಿದರೆ ಮತ್ತೆ ತುಂಬಿಸುತ್ತಾರೆ. ಐದು ದಿನದಲ್ಲಿ ನಮಗೆ ಅದು ಅಭ್ಯಾಸವಾಗಿಬಿಟ್ಟಿತ್ತು. ಆ ಸಾಲಿನಲ್ಲೇ ಕೇಳದೆ ಬಂದ, ಇನ್ನೂ ಮಿಸುಕಾಡುತ್ತಿದ್ದ ಅಷ್ಟಪದಿಯ (ಆಕ್ಟೋಪಸ್) ತಟ್ಟೆಯನ್ನೂ ನಾನು ಉಚಿತವೆಂದೇ ಮುಗಿಸಿದೆ. ಚೀಟಿ ಬಂತು: ಮೇಜು ಹಾಕಿದ್ದಕ್ಕೆ ತಲೆಗೆ 6,000, ಅದೇ ಮೀನಿನ ಮೂಳೆ ಹಾಕಿ ಖಾರದ ಸಾರು ಮಾಡಿದ್ದಕ್ಕೆ 10,000, ಎರಡು ಬಟ್ಟಲು ಅನ್ನಕ್ಕೆ 2,000, ಅಷ್ಟಪದಿಗೆ 20,000. ಕೆಳಗೆ ಕೊಟ್ಟದ್ದೂ ಸೇರಿ 94,000 ವಾನ್, ಆಗಿನ ಲೆಕ್ಕದಲ್ಲಿ ಆರು ಸಾವಿರ ರೂಪಾಯಿಯ ಹತ್ತಿರ. ಹೆಂಡತಿ ಅನ್ನ ಮತ್ತು ಲೆಟ್ಯೂಸ್ ಎಲೆ ಬಿಟ್ಟು ಏನನ್ನೂ ಮುಟ್ಟಿರಲಿಲ್ಲ. “ನಾನು ಸುಮ್ಮನೆ ಕೂತಿದ್ದಕ್ಕೂ ಆರು ಸಾವಿರ ವಾನೇ?” ಎಂದು ಕೇಳಿದವಳು ಊರಿಗೆ ಬಂದ ಮೇಲೂ ಕೇಳುತ್ತಿದ್ದಾಳೆ.

ಮೇಜಿನ ಶುಲ್ಕ ಅಲ್ಲಿನವರಿಗೂ ಇದೆ, ಅದು ಮೋಸವಲ್ಲ. ಕೇಳದೆ ಇಟ್ಟ ತಟ್ಟೆ ಮಾತ್ರ ಮೋಸವೇ. ಕೂರುವ ಮೊದಲು ‘ಸಾಂಗ್‌ಚಾರಿಮ್’, ಅಂದರೆ ಈ ಮೇಜಿನ ಶುಲ್ಕ, ಎಷ್ಟು ಎಂದು ಕೇಳಿ, ಉತ್ತರವನ್ನು ಮೊಬೈಲ್‌ನ ಕ್ಯಾಲ್ಕುಲೇಟರಿನಲ್ಲಿ ಒತ್ತಿಸಿಕೊಳ್ಳಿ. ಆರ್ಡರ್ ಮಾಡದ್ದು ಬಂದರೆ ಮುಟ್ಟದೆ ವಾಪಸ್ ಕಳಿಸಿ. 150 ಚದರ ಮೀಟರಿಗಿಂತ ದೊಡ್ಡ ಹೋಟೆಲುಗಳು ಬೆಲೆಯನ್ನು ಬಾಗಿಲ ಹೊರಗೇ ತೋರಿಸಬೇಕೆಂಬ ನಿಯಮ 2013ರಿಂದ ಅಲ್ಲಿದೆ, ಸಂತೆಯ ಸಣ್ಣ ಅಂಗಡಿಗಳಿಗೆ ಅದು ತಾಕುವುದಿಲ್ಲ. ಜಗಳಕ್ಕೆ ಬಂದರೆ 1330 ಎಂಬ ಪ್ರವಾಸಿ ಸಹಾಯವಾಣಿ ಇಂಗ್ಲಿಷ್‌ನಲ್ಲಿ ಮಾತಾಡುತ್ತದೆ. ನನಗೆ ಇದು ತಿಳಿದದ್ದು ಹಣ ಕೊಟ್ಟ ಮರುದಿನ.

ಸಣ್ಣಪುಟ್ಟವು ಇನ್ನಷ್ಟಿವೆ. ಮಧ್ಯಾಹ್ನ ಮೂರರಿಂದ ಐದರವರೆಗೆ ಎಷ್ಟೋ ಅಡುಗೆಮನೆಗಳು ಮುಚ್ಚಿರುತ್ತವೆ. ಕೆಲವು ಸಾರುಗಳನ್ನು ಇಬ್ಬರಿಗೆ ಕಡಿಮೆ ಕೊಡುವುದಿಲ್ಲ, ಒಂಟಿಯಾಗಿ ಹೋಗುವವರು ಮೊದಲೇ ನೋಡಿಕೊಳ್ಳಿ. ನಡೆದು ಹೋಗಲು ಗೂಗಲ್ ಮ್ಯಾಪ್ ನಂಬಬೇಡಿ, ನೇವರ್ ಮ್ಯಾಪ್ ಹಾಕಿಕೊಳ್ಳಿ.

ಹೆಂಡತಿ ನೆಮ್ಮದಿಯಿಂದ ಉಂಡದ್ದು ಒಂದೇ ಊಟ, ಸೋಲ್‌ನ ಜೋಗ್ಯೇಸಾ ದೇವಾಲಯದ ಹತ್ತಿರ. ಬೌದ್ಧ ಮಠದ ಅಡುಗೆಗೆ ‘ಸಾಚಾಲ್ ಉಮ್ಸಿಕ್’ ಎನ್ನುತ್ತಾರೆ. ಮಾಂಸವಿಲ್ಲ, ಮೀನಿಲ್ಲ, ಈರುಳ್ಳಿ ಬೆಳ್ಳುಳ್ಳಿ ಇಲ್ಲ. ನಿಷಿದ್ಧವಾದ ಐದು ಘಾಟು ಪದಾರ್ಥಗಳ ಹಳೆಯ ಪಟ್ಟಿಯಲ್ಲಿ ಇಂಗೂ ಇದೆ ಎಂದು ಓದಿ ಹೇಳಿದಾಗ ಮಾತ್ರ ಅವಳ ಹುಬ್ಬು ಏರಿತು. ಊಟ ದುಬಾರಿ, ಮುಂಗಡ ಕಾಯ್ದಿರಿಸಿದ್ದೆವು.

ಬುಸಾನ್‌ನ ವಸತಿಗೃಹದ ಹುಡುಗನಿಂದ ಕೊರಿಯನ್‌ನಲ್ಲಿ ಒಂದು ಚೀಟಿ ಬರೆಸಿಕೊಂಡೆವು: ಮಾಂಸ, ಮೀನು, ಸೀಗಡಿ, ಚಿಪ್ಪು, ಇವುಗಳ ಸಾರು, ಇವುಗಳ ರಸ, ಯಾವುದೂ ಆಗದು, ಮೊಟ್ಟೆ ಆಗುತ್ತದೆ. ಗ್ಯೊಂಗ್ಜುವಿನ ಗಲ್ಲಿಯೊಂದರ ಅಂಗಡಿಯ ಅಜ್ಜಿ ಅದನ್ನು ಕನ್ನಡಕ ಏರಿಸಿ ಎರಡು ಸಲ ಓದಿದಳು. ಒಳಗೆ ಹೋಗಿ ಒಣಮೀನಿನ ಪೊಟ್ಟಣ, ಮೀನಿನ ರಸದ ಬಾಟಲಿ ತಂದು ಮೇಜಿನ ಮೇಲಿಟ್ಟು, ಎರಡೂ ಮುಂಗೈಗಳನ್ನು ಕತ್ತರಿಯಾಗಿಸಿ ಹಿಡಿದಳು. ತನ್ನಲ್ಲಿ ಆಗುವುದಿಲ್ಲವೆಂದರ್ಥ. ಬಾಗಿಲವರೆಗೆ ಬಂದು ಎದುರಿನ ಬೇಕರಿ ತೋರಿಸಿದಳು. ಆ ರಾತ್ರಿ ನಮ್ಮದು ಕೆಂಪು ಅವರೆಯ ಹೂರಣ ತುಂಬಿದ ಬನ್ನು, ಸಣ್ಣ ಅಂಗಡಿಯಿಂದ ತಂದು ಬಿಸಿ ಮಾಡಿಕೊಂಡ ಡಬ್ಬಿ ಅನ್ನ, ಅದಕ್ಕೆ ಮೈಸೂರಿನಿಂದ ಹೊತ್ತು ತಂದಿದ್ದ ಚಟ್ನಿಪುಡಿ.