"ವಯಸ್ಸು ಸರಿ ಮಾಡಿಸಿಕೊಡ್ತೀನಿ" ಅನ್ನುವವರಿಗೆ ಮಕ್ಕಳ ಕಾಗದ ಕೊಡಬೇಡಿ

ಹಾಕಿಯೋ, ಫುಟ್‌ಬಾಲೋ, ಓಟವೋ, ನಿಮ್ಮ ಮಗ ಅಥವಾ ಮಗಳು ಹೈಸ್ಕೂಲ್ ಟೀಮಿನಲ್ಲಿದ್ದರೆ ಇದನ್ನು ಪೂರ್ತಿ ಓದಿ. ಹುಟ್ಟಿದ ತಾರೀಖು "ಸರಿ ಮಾಡಿಸಿಕೊಡ್ತೀನಿ" ಅಂತ ಯಾರಾದರೂ ಮನೆಗೆ ಬಂದರೆ ಕಾಗದವನ್ನೂ ಕೊಡಬೇಡಿ, ದುಡ್ಡನ್ನೂ ಕೊಡಬೇಡಿ. 2025-26ರ ಸಾಲಿನಲ್ಲಿ ಅಂಥ ಒಬ್ಬನ ಕೆಲಸದಿಂದ ನನ್ನ ಮಗಳ ಹಾಕಿ ಟೀಮು ವಿಭಾಗ ಮಟ್ಟದಿಂದ ಹಾಗೇ ವಾಪಸ್ ಬಂತು. ಆಡಿ ಸೋತಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಮೊದಲು ನಿಯಮ ಹೇಳಿಬಿಡುತ್ತೇನೆ. ಇದು ನಮಗೆ ಸರಿಯಾಗಿ ಗೊತ್ತಿಲ್ಲ ಅನ್ನುವುದರ ಮೇಲೆಯೇ ಇಂಥವರ ವ್ಯಾಪಾರ ನಡೆಯುವುದು. ಶಾಲಾ ಕ್ರೀಡಾಕೂಟಗಳಲ್ಲಿ 14, 17, 19 ವರ್ಷದೊಳಗಿನವರು ಅಂತ ಗುಂಪುಗಳಿವೆ. ಇದು ಎಸ್‌ಜಿಎಫ್‌ಐ, ಅಂದರೆ ಭಾರತೀಯ ಶಾಲಾ ಕ್ರೀಡಾ ಫೆಡರೇಷನ್ನಿನ ಲೆಕ್ಕ. ವಯಸ್ಸು ನೋಡುವುದು ಪಂದ್ಯದ ದಿನಕ್ಕಲ್ಲ, ಆ ವರ್ಷದ ಡಿಸೆಂಬರ್ 31ಕ್ಕೆ. ಹಾಗಾಗಿ 2025-26ಕ್ಕೆ 17ರ ಒಳಗಿನವರು ಅಂದರೆ 1-1-2009ರಂದು ಅಥವಾ ಆಮೇಲೆ ಹುಟ್ಟಿದವರು. 31-12-2008ರಂದು ಹುಟ್ಟಿದ್ದರೆ ಒಂದೇ ದಿನದಲ್ಲಿ ಹೋಯಿತು. ಮಳೆಗಾಲದಲ್ಲಿ ತಾಲೂಕು ಮಟ್ಟ ಆಡುವಾಗ "ಇನ್ನೂ ಹದಿನಾರೇ ಅಲ್ವಾ" ಅಂತ ಸುಮ್ಮನಿದ್ದರೆ ಆಗುವುದಿಲ್ಲ. ಮಗು ಯಾವ ಕ್ಲಾಸಿನಲ್ಲಿದೆ ಅನ್ನುವುದರಿಂದಲೂ ಈ ಲೆಕ್ಕ ಬದಲಾಗುವುದಿಲ್ಲ. ಬೇರೆ ಕೂಟಗಳ ಗುಂಪುಗಳು ಬೇರೆ. ಅಥ್ಲೆಟಿಕ್ಸ್ ಫೆಡರೇಷನ್ನಿನಲ್ಲಿ 14, 16, 18, 20. ನೆಹರೂ ಹಾಕಿ ಟೂರ್ನಿಯಲ್ಲಿ ಸಬ್ ಜೂನಿಯರ್ 15, ಜೂನಿಯರ್ 17. ಒಂದರಲ್ಲಿ ಆಡಿದ ಮಗುವನ್ನು ಇನ್ನೊಂದರಲ್ಲೂ ಬಿಟ್ಟೇ ಬಿಡುತ್ತಾರೆ ಅಂದುಕೊಳ್ಳುವ ಹಾಗಿಲ್ಲ.

ನಮ್ಮೂರಲ್ಲಿ ಇದಕ್ಕೆ ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಅದಕ್ಕೊಂದು ಕಾರಣವೂ ಇದೆ ಅಂತ ನನಗೆ ಅನ್ನಿಸುತ್ತದೆ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡಗಿನ ಕರಡದಲ್ಲಿ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿಯಲ್ಲಿ ಅಜ್ಜನೂ ಮೊಮ್ಮಗನೂ ಒಂದೇ ಟೀಮಿನಲ್ಲಿ ಆಡಬಹುದು. ಅಲ್ಲಿ ಮನೆ ಹೆಸರು ಕೇಳುತ್ತಾರೆ, ವಯಸ್ಸು ಕೇಳುವುದಿಲ್ಲ. ಹಾಕಿ ಸ್ಟಿಕ್ಕು ಹಿಡಿದವರಿಗೆ ಬರ್ತ್ ಸರ್ಟಿಫಿಕೇಟು ತೋರಿಸುವ ಅಭ್ಯಾಸವೇ ಇಲ್ಲ.

ಈಗ ನಡೆದದ್ದು ಹೇಳುತ್ತೇನೆ. ನನ್ನ ಮಗಳು ಗೋಲ್ ಕೀಪರ್. ಟೀಮಿನ ಫಾರ್ವರ್ಡ್ ಹುಡುಗಿಯ ಅಪ್ಪ ಅಮ್ಮ ಎಸ್ಟೇಟಿನಲ್ಲಿ ಕೆಲಸಕ್ಕಿದ್ದಾರೆ, ಲೈನ್ ಮನೆಯಲ್ಲಿರುವುದು. ಅವಳು ಓಡುವುದನ್ನು ನೀವು ನೋಡಬೇಕಿತ್ತು. ಜಿಲ್ಲಾ ಮಟ್ಟದ ಪಂದ್ಯದಲ್ಲಿ ನಮ್ಮ ಗೋಲುಗಳಲ್ಲಿ ಮುಕ್ಕಾಲು ಪಾಲು ಅವಳದೇ.

ಅದಕ್ಕೂ ಮೊದಲು, ಬೇಸಿಗೆ ರಜೆಯಲ್ಲಿ, ಊರಿನಲ್ಲಿ ಒಂದು ಕೋಚಿಂಗ್ ಕ್ಯಾಂಪ್ ನಡೆದಿತ್ತು. ನಡೆಸಿದವನ ಹೆಸರು ಇಲ್ಲಿ ಬರೆಯುವುದಿಲ್ಲ. ಕೋಚ್ ಅಂತ ಎದೆ ಮೇಲೆ ಬರೆದ ಟೀ ಶರ್ಟ್ ಹಾಕಿಕೊಂಡು ಓಡಾಡುತ್ತಿದ್ದ. ಹುಡುಗಿ ಚೆನ್ನಾಗಿ ಆಡುವುದನ್ನು ಕಂಡು ಸೀದಾ ಲೈನ್ ಮನೆಗೇ ಹೋಗಿದ್ದಾನೆ. "ಅಣ್ಣಾ, ನಿಮ್ಮ ಮಗಳು ಸ್ಟೇಟ್ ಆಡ್ತಾಳೆ. ಆದ್ರೆ ಸ್ಕೂಲ್ ರೆಕಾರ್ಡಲ್ಲಿ ಡೇಟು ಜಾಸ್ತಿ ಆಗಿದೆ. ಸ್ವಲ್ಪ ಇಳಿಸ್ಬೇಕು. ನಾನೇ ಮಾಡಿಸ್ತೀನಿ, ಎಲ್ಲರೂ ಮಾಡೋದೇ" ಅಂದಿದ್ದಾನೆ. ಅವರು ಕೂಲಿ ದುಡ್ಡಿನಲ್ಲಿ ಉಳಿಸಿದ್ದನ್ನು ಕೊಟ್ಟಿದ್ದಾರೆ. ಸ್ವಲ್ಪ ದಿನದಲ್ಲೇ ಬರ್ತ್ ಸರ್ಟಿಫಿಕೇಟ್ ಬಂತು. ಹುಟ್ಟಿದ ವರ್ಷ 2010. ಹುಟ್ಟಿದ ಊರು ಬೇರೆ ಯಾವುದೋ ಜಿಲ್ಲೆ. ಆ ಊರನ್ನು ಅವಳ ಅಮ್ಮ ಕಣ್ಣಲ್ಲೂ ಕಂಡಿಲ್ಲ.

ಶಾಲೆಯಲ್ಲಿ ಅರ್ಹತಾ ಪತ್ರ ತುಂಬುವಾಗ ಆ ಸರ್ಟಿಫಿಕೇಟಿನ ತಾರೀಖನ್ನೇ ಬರೆದರು. ಗಡಿಬಿಡಿಯಲ್ಲಿ ಸಹಿಯೂ ಆಯಿತು. ತಾಲೂಕು ದಾಟಿತು, ಜಿಲ್ಲೆಯೂ ದಾಟಿತು. ವಿಭಾಗ ಮಟ್ಟದಲ್ಲಿ ಎದುರು ಟೀಮಿನ ಮ್ಯಾನೇಜರ್ ಪ್ರೊಟೆಸ್ಟ್ ಹಾಕಿದರು. ಹುಡುಗಿಯ ಸ್ಯಾಟ್ಸ್ ದಾಖಲೆ, ಅಂದರೆ ಶಿಕ್ಷಣ ಇಲಾಖೆಯ ಆನ್‌ಲೈನಿನಲ್ಲಿರುವ ಶಾಲಾ ದಾಖಲೆ, ತೆಗೆಸಿ ನೋಡಿದರೆ ಅಲ್ಲಿ 1-6-2008. ಅರ್ಹತಾ ಪತ್ರದಲ್ಲಿ 2010. ಇನ್ನೇನು ಮಾತು? ಒಬ್ಬಳನ್ನು ಕೂರಿಸಿ ಉಳಿದವರನ್ನು ಆಡಿಸುತ್ತಾರೆ ಅಂದುಕೊಂಡಿದ್ದೆವು. ಹಾಗಲ್ಲ, ಟೀಮೇ ಹೊರಗೆ. ನನ್ನ ಮಗಳು ಪ್ಯಾಡು ಕಟ್ಟಿಕೊಂಡು ರೆಡಿಯಾಗಿ ಕೂತಿದ್ದಳು. ಹತ್ತನೇ ಕ್ಲಾಸಿನ ಮಕ್ಕಳಿಗೆ ಅದೇ ಕೊನೆಯ ವರ್ಷ. ರಾಜ್ಯ ಮಟ್ಟದ ಸರ್ಟಿಫಿಕೇಟ್ ಸಿಕ್ಕರೆ ಮುಂದೆ ಕ್ರೀಡಾ ಕೋಟಾಕ್ಕೆ ಆಗುತ್ತದೆ ಅಂತ ಒಬ್ಬೊಬ್ಬರ ಮನೆಯಲ್ಲೂ ಲೆಕ್ಕ ಇತ್ತು.

ನನಗೆ ಆ ಹುಡುಗಿಯ ಮೇಲೆ ಸಿಟ್ಟಿಲ್ಲ. ಅವಳ ಅಮ್ಮ ಬಂದು "ಅಕ್ಕಾ, ನಮ್ಮಿಂದ ಹಿಂಗಾಯ್ತು" ಅಂತ ಅತ್ತಾಗ ಕೂರಿಸಿ ಕೇಳಿದೆ. ಹೊಟ್ಟೆ ಇನ್ನೂ ಜಾಸ್ತಿ ಉರಿದದ್ದು ಆಮೇಲೆ. ಹುಡುಗಿ ಹುಟ್ಟಿದ್ದು ಕರಿಮೆಣಸು ಕುಯ್ಯುವ ಹೊತ್ತಿಗೆ, 2009ರ ಫೆಬ್ರವರಿಯಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿ. ತಾಯಿ ಕಾರ್ಡು ಟ್ರಂಕಿನಲ್ಲಿ ಹಾಗೇ ಇದೆ. ಅಂದರೆ ಅವಳು ನಿಜವಾಗಿಯೂ 17ರ ಒಳಗೇ ಇದ್ದಳು! ಸ್ಕೂಲಿನ 2008 ಬಂದದ್ದು ಹೇಗೆ ಅಂದರೆ, ಎಸ್ಟೇಟಿನಿಂದ ಎಸ್ಟೇಟಿಗೆ ಹೋಗುತ್ತಿದ್ದವರು ತಡವಾಗಿ ಒಂದನೇ ಕ್ಲಾಸಿಗೆ ಸೇರಿಸಿದ್ದಾರೆ. ಕೈಯಲ್ಲಿ ಸರ್ಟಿಫಿಕೇಟ್ ಇರಲಿಲ್ಲ. ಮೇಷ್ಟ್ರು ಮುಖ ನೋಡಿ ಎಂಟು ವರ್ಷ ಇರಬಹುದು ಅಂತ ಜೂನ್ ಒಂದು ಹಾಕಿದ್ದಾರೆ. ನಮ್ಮ ಕಡೆ ಜೂನ್ ಒಂದಕ್ಕೆ ಹುಟ್ಟಿದವರು ಎಷ್ಟು ಜನ ಇದ್ದಾರೆ ಅಂತ ನಿಮಗೇ ಗೊತ್ತಲ್ಲ.

ನಿಜವಾದ ದಾಖಲೆ ಹಿಡಿದುಕೊಂಡು ಶಾಲೆಯ ತಾರೀಖನ್ನು ತಿದ್ದಿಸಲು ಹೋಗಿದ್ದರೆ ಒಂದು ದಾರಿ ಇತ್ತು. ಸುಳ್ಳು ಕಾಗದ ಹೊರಗೆ ಬಂದ ಮೇಲೆ ನಿಜ ಹೇಳಿದರೆ ಯಾರು ನಂಬುತ್ತಾರೆ? ಮೂಳೆಯ ಎಕ್ಸ್‌ರೇ ತೆಗೆಸಿ ತೋರಿಸೋಣ ಅಂತ ನಾವೂ ಹಾರಾಡಿದೆವು. ಅದೂ ಆಗುವ ಮಾತಲ್ಲ. ಎಡಗೈ ಮಣಿಕಟ್ಟಿನ ಎಕ್ಸ್‌ರೇ ನೋಡಿ ವಯಸ್ಸು ಅಂದಾಜು ಮಾಡುವ ಟಿಡಬ್ಲ್ಯೂ3 ಅನ್ನುವ ವಿಧಾನ ಇದೆ. ಕ್ರಿಕೆಟ್ ಮಂಡಳಿ 16ರ ಒಳಗಿನ ಹುಡುಗರಿಗೆ ಬಳಸುವುದು ಅದನ್ನೇ. ಆದರೆ ಆ ಅಳತೆ ಹುಡುಗಿಯರಲ್ಲಿ 15ಕ್ಕೆ, ಹುಡುಗರಲ್ಲಿ ಹದಿನಾರೂವರೆಗೆ ಮುಗಿಯುತ್ತದೆ. ಅಷ್ಟೊತ್ತಿಗೆ ಅಲ್ಲಿಯ ಮೂಳೆ ಕೂಡಿಕೊಂಡಿರುತ್ತದೆ. ಹದಿನಾರರ ಹುಡುಗಿಗೂ ಹದಿನೇಳರ ಹುಡುಗಿಗೂ ಅದು ವ್ಯತ್ಯಾಸ ತೋರಿಸುವುದಿಲ್ಲ. ಫಿಫಾದವರು 17ರ ಒಳಗಿನ ಹುಡುಗರ ವಿಶ್ವಕಪ್ಪಿಗೆ ಎಂಆರ್‌ಐ ಮಾಡಿಸುತ್ತಾರೆ. ಅದು ನಮ್ಮ ವಿಭಾಗ ಮಟ್ಟಕ್ಕೆ ಬರುವ ಸಂಗತಿಯಲ್ಲ. ಕೊನೆಗೆ ಉಳಿಯುವುದು ಕಾಗದವೇ.

ಅದಕ್ಕೇ ಕಾಗದ ಈಗಲೇ ತೆಗೆದು ನೋಡಿ. ಬರ್ತ್ ಸರ್ಟಿಫಿಕೇಟು, ಸ್ಯಾಟ್ಸ್, ಆಧಾರ್, ಹಳೆ ಶಾಲೆಯ ಟಿಸಿ, ಎಲ್ಲದರಲ್ಲೂ ಒಂದೇ ತಾರೀಖು ಇದೆಯಾ? ಆಧಾರ್ ಇದೆಯಲ್ಲ ಅಂತ ಕೂರಬೇಡಿ. ಅದು ಗುರುತಿನ ಚೀಟಿ, ವಯಸ್ಸಿನ ದಾಖಲೆ ಅಲ್ಲ. 2024ರ ಅಕ್ಟೋಬರಿನಲ್ಲಿ ಒಂದು ಪರಿಹಾರದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಆಧಾರ್ ಬಿಟ್ಟು ಶಾಲೆ ಬಿಟ್ಟ ಪ್ರಮಾಣಪತ್ರದ ತಾರೀಖನ್ನೇ ಹಿಡಿಯಿತು. ಬರ್ತ್ ಸರ್ಟಿಫಿಕೇಟಿನಲ್ಲಿ ಎರಡು ತಾರೀಖು ಇರುತ್ತವೆ, ನೋಂದಣಿ ಆದದ್ದು ಒಂದು, ಪ್ರತಿ ಕೊಟ್ಟದ್ದು ಇನ್ನೊಂದು. ನೋಂದಣಿ ತಾರೀಖು ಮಗು ಹುಟ್ಟಿದ ಹೊತ್ತಿನದಾದರೆ ತಂಟೆ ಇಲ್ಲ. ಮಗು ಹೈಸ್ಕೂಲಿಗೆ ಬಂದ ಮೇಲೆ ನೋಂದಣಿ ಆಗಿದ್ದರೆ ಎದುರು ಟೀಮಿನವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ತಡವಾದ ನೋಂದಣಿ ಎಲ್ಲವೂ ಮೋಸ ಅಲ್ಲ. ಹಾಡಿಗಳಲ್ಲಿ, ಲೈನ್ ಮನೆಗಳಲ್ಲಿ ಮನೆಯಲ್ಲೇ ಹುಟ್ಟಿದ ಮಕ್ಕಳು ಎಷ್ಟೋ ಇದ್ದಾರೆ. ಕಾನೂನಿನಲ್ಲಿ ದಾರಿ ಇದೆ. ಹುಟ್ಟಿ 21 ದಿನದೊಳಗೆ ಬರೆಸಬೇಕು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕು. ಆ ಆದೇಶ ಇಲ್ಲದೆ "ವಾರದಲ್ಲಿ ಮಾಡಿಸ್ತೀನಿ" ಅನ್ನುವವನು ಕೊಡುವುದು ಏನು ಅಂತ ನೀವೇ ಯೋಚಿಸಿ. ಇನ್ನೊಂದು ವಿಷಯ, ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳದ್ದು ಎಷ್ಟೋ ಸಲ ಮಗುವಿನ ಹೆಸರಿಲ್ಲದೆ ನೋಂದಣಿ ಆಗಿರುತ್ತದೆ, ಅಪ್ಪ ಅಮ್ಮಂದಿರಿಗೆ ಅದು ಗೊತ್ತೇ ಇರುವುದಿಲ್ಲ. ಮೊದಲು ನೋಂದಣಿ ಆದ ಕಡೆ ಹೋಗಿ ಹುಡುಕಿಸಿ. ಹೆಸರು ಸೇರಿಸಲು ನೋಂದಣಿಯಿಂದ 15 ವರ್ಷದ ಮಿತಿ ಇದೆ. ಅದಕ್ಕೇ ಮಗು ಎಂಟನೇ ಕ್ಲಾಸಿಗೆ ಬರುವ ಹೊತ್ತಿಗಾದರೂ ಮಾಡಿಸಿಬಿಡಿ. ನಾನು ಹೇಳಿದ ಹುಡುಗಿಯದ್ದೂ ಹೀಗೇ ಆಗಿತ್ತು. ನೋಂದಣಿ ಪುಸ್ತಕದಲ್ಲಿ ಅಮ್ಮನ ಹೆಸರು, ಅಪ್ಪನ ಹೆಸರು ಇದೆ, ಮಗುವಿನ ಜಾಗ ಖಾಲಿ. ಹದಿನೈದು ದಾಟಿಹೋಗಿದೆ. ಎಸ್ಎಸ್ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲೂ ಶಾಲೆಯ ದಾಖಲೆಯ ಜೂನ್ ಒಂದೇ ಬಂದಿದೆ. ಅದನ್ನು ತಿದ್ದಿಸಲು ಈಗ ವಕೀಲರ ಹತ್ತಿರ ಓಡಾಡುತ್ತಿದ್ದಾರೆ. ವಕೀಲರು ಮೊದಲು ಕೇಳಿದ್ದೇ ಆ 2010ರ ಕಾಗದ ಎಲ್ಲೆಲ್ಲಿ ತೋರಿಸಿದ್ದೀರಿ ಅಂತ.

ಟೀಮಿನ ಉಳಿದ ಅಪ್ಪ ಅಮ್ಮಂದಿರಿಗೂ ಒಂದು ಮಾತು. ಬೇರೆ ಮಕ್ಕಳ ಕಾಗದ ನಾವ್ಯಾಕೆ ಕೇಳಬೇಕು ಅಂತ ಸಂಕೋಚ ಬೇಡ. ತಾಲೂಕು ಮಟ್ಟಕ್ಕೆ ಮೊದಲೇ ಪಿ.ಇ. ಮೇಷ್ಟ್ರ ಜೊತೆ ಕೂತು ಪ್ರತಿ ಮಗುವಿನ ಅರ್ಹತಾ ಪತ್ರವನ್ನು ಸ್ಯಾಟ್ಸ್ ಜೊತೆ ಇಟ್ಟು ನೋಡಿ. ಅರ್ಧ ಗಂಟೆಯ ಕೆಲಸ. ಯಾರದಾದರೂ ಹೊಂದದಿದ್ದರೆ ಆ ಮಗುವಿಗೂ ಸರಿ ಮಾಡಿಕೊಳ್ಳಲು ಟೈಮ್ ಇರುತ್ತದೆ.

ಆ ಕ್ಯಾಂಪ್ ನಡೆಸಿದವನ ಹಳೆ ನಂಬರ್ ಈಗ ಸ್ವಿಚ್ ಆಫ್. ಈ ಬೇಸಿಗೆಯಲ್ಲಿ ಇನ್ನೊಂದು ಊರಿನಲ್ಲಿ ಕ್ಯಾಂಪ್ ಹಾಕಿದ್ದಾನೆ ಅಂತ ಸುದ್ದಿ. ಹೀಗೆ ಗುರುತು ಹಿಡಿಯಿರಿ: ಆಟ ಕಲಿಸುವುದಕ್ಕಿಂತ ಮೊದಲು ಮಕ್ಕಳ ಜನ್ಮ ದಿನಾಂಕದ ಪಟ್ಟಿ ಮಾಡಿಕೊಳ್ಳುತ್ತಾನೆ. ಒರಿಜಿನಲ್ ಟಿಸಿಯನ್ನೂ ಅಮ್ಮನ ಆಧಾರನ್ನೂ "ಎರಡು ದಿನಕ್ಕೆ" ಅಂತ ಕೇಳುತ್ತಾನೆ. ದುಡ್ಡಿಗೆ ರಶೀದಿ ಕೇಳಿದರೆ ನಗುತ್ತಾನೆ. ಈಗಾಗಲೇ ಯಾರಾದರೂ ಅವನಿಗೆ ಒರಿಜಿನಲ್ ಕೊಟ್ಟಿದ್ದರೆ ಶಾಲೆಯಲ್ಲಿ ಫಾರಂ ತುಂಬುವುದಕ್ಕೆ ಮೊದಲು ವಾಪಸ್ ತೆಗೆದುಕೊಳ್ಳಿ. ಕೊಡದಿದ್ದರೆ ಪೊಲೀಸ್ ಠಾಣೆಗೆ ಬರೆದುಕೊಡಿ. ಅವನು ತಂದುಕೊಟ್ಟ ಸರ್ಟಿಫಿಕೇಟ್ ಮನೆಯಲ್ಲಿದ್ದರೆ ಅದನ್ನು ಶಾಲೆಗೂ ಕೊಡಬೇಡಿ, ಪಾಸ್‌ಪೋರ್ಟಿಗೂ ಹಾಕಬೇಡಿ. ಹರಿದೂ ಹಾಕಬೇಡಿ, ದೂರು ಕೊಡುವಾಗ ಅದು ಬೇಕಾಗುತ್ತದೆ.