ರೊಟ್ಟಿ ಬಡಿಯುವವರಿಗೆ ಓಟಿಟಿ ಬಾಕ್ಸ್ ಆಗಿಬರುತ್ತಾ?

ನಮ್ಮ ಓಣಿಯ ಕೇಬಲ್‌ನವರು ಹಳೆಯ ವೈರ್ ತೆಗೆದು ಫೈಬರ್ ಎಳೆದಿದ್ದಾರೆ. ಜೊತೆಗೆ ಒಂದು ಸಣ್ಣ ಬಾಕ್ಸ್ ಕೊಡುತ್ತಾರೆ. ಟಿವಿ ಚಾನೆಲ್, ಯೂಟ್ಯೂಬ್, ಓಟಿಟಿ ಆಪ್ (ಇಂಟರ್ನೆಟ್‌ನಲ್ಲಿ ಸಿನಿಮಾ, ಸೀರೀಸ್ ತೋರಿಸುವ ಆಪ್) ಎಲ್ಲ ಅದರಲ್ಲೇ. ಇಂಟರ್ನೆಟ್ ಸೇರಿ ತಿಂಗಳಿಗೆ 599 ರೂಪಾಯಿ, ಮೇಲೆ ಜಿಎಸ್‌ಟಿ. ಹಾಕಿಸಿಕೊಳ್ಳಲೋ ಬೇಡವೋ ಅಂತ ಹಳೇ ಹುಬ್ಬಳ್ಳಿಯ ಸುಮಾರು ಜನ ನನ್ನನ್ನು ಕೇಳಿದ್ದಾರೆ. ನಮ್ಮ ಮನೆಯಲ್ಲಿ ದಿನವಿಡೀ ಟಿವಿ ಹಚ್ಚಿರುತ್ತದೆ, ಅದಕ್ಕೇ ಕೇಳುತ್ತಾರೆ. ನಾವು ರೊಟ್ಟಿ ಮಾಡಿ ಮಾರುವವರು. ಮದುವೆ ಮನೆಗೆ ಖಡಕ್ ರೊಟ್ಟಿ, ಖಾನಾವಳಿಗಳಿಗೆ ಸಂಜೆ ಬಿಸಿ ರೊಟ್ಟಿ. ಟಿವಿ ಇರುವುದು ಒಲೆಯ ಎದುರಿನ ಗೋಡೆಗೆ.

ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಯಾಕೆ ಕಡಿಮೆ ಅನ್ನುವುದನ್ನು ಮುಂದೆ ಬರೆಯುತ್ತೇನೆ.

ಧಾರಾವಾಹಿಗಳ ಮುಖ್ಯ ಹೊತ್ತು ಸಂಜೆ ಆರರಿಂದ ಹತ್ತು. ನಮಗೆ ಕೈತುಂಬ ಕೆಲಸ ಇರುವುದೂ ಅದೇ ಹೊತ್ತಿನಲ್ಲಿ. ಖಾನಾವಳಿಯವರಿಗೆ ಏಳೂವರೆಗೆಲ್ಲ ರೊಟ್ಟಿ ಮುಟ್ಟಬೇಕು. ಹಾಗಾಗಿ ಎಷ್ಟೋ ವರ್ಷ ನಾವು ಧಾರಾವಾಹಿಯನ್ನು ಕಣ್ಣಿಂದ ನೋಡಿದ್ದಕ್ಕಿಂತ ಕಿವಿಯಿಂದ ಕೇಳಿದ್ದೇ ಜಾಸ್ತಿ. ಹಂಚಿನ ಮೇಲೆ ರೊಟ್ಟಿ ಹಾಕಬೇಕು, ಒದ್ದೆ ಅರಿವೆಯಿಂದ ನೀರು ಸವರಬೇಕು, ತಿರುವಿ ಹಾಕಬೇಕು, ಅಂಚು ಒತ್ತಬೇಕು. ಅಷ್ಟರಲ್ಲಿ ಇನ್ನೊಂದು ಬಡಿದು ಸಿದ್ಧವಾಗಿರಬೇಕು. ಕಣ್ಣು ಅಲ್ಲಿಂದ ಕದಲುವ ಹಾಗಿಲ್ಲ. ಆದರೂ ಕಥೆ ತಪ್ಪುತ್ತಿರಲಿಲ್ಲ. ಯಾಕೆ ಅನ್ನುವುದು ಈ ಬಾಕ್ಸ್ ಬಂದ ಮೇಲೆ ನನಗೆ ತಿಳಿಯಿತು.

ಚಾನೆಲ್ ಧಾರಾವಾಹಿ ಕಟ್ಟುವುದೇ ಹಾಗೆ. ಜಾಹೀರಾತು ಗಂಟೆಗೆ 12 ನಿಮಿಷ ಮೀರಬಾರದು ಅನ್ನುವ ನಿಯಮವಿದೆ. ಅಂದರೆ ಅರ್ಧ ಗಂಟೆಯ ಧಾರಾವಾಹಿಯಲ್ಲಿ ಕಥೆಗೆ ಸಿಗುವುದು ಹೆಚ್ಚುಕಡಿಮೆ 24 ನಿಮಿಷ. ಅದರಲ್ಲಿ ಶುರುವಿಗೆ ನಿನ್ನೆ ಏನಾಯಿತು ಅಂತ ತೋರಿಸುತ್ತಾರೆ. ಪ್ರತಿ ಬ್ರೇಕ್ ಆದ ಮೇಲೆ ಅದೇ ಮಾತನ್ನು ಇನ್ನೊಬ್ಬರ ಬಾಯಿಂದ ಹೇಳಿಸುತ್ತಾರೆ. ಸಿಟ್ಟು ಬಂದರೆ ಸಿಟ್ಟು ಬಂತು ಅಂತ ಬಾಯಿಬಿಟ್ಟು ಹೇಳುತ್ತಾರೆ. ಪತ್ರ ಸಿಕ್ಕರೆ ಗಟ್ಟಿಯಾಗಿ ಓದುತ್ತಾರೆ. ಎಳೆಯುತ್ತಾರೆ ಅಂತ ಇದನ್ನು ಬೈಯುವವರು ಬಹಳ. ಅಡುಗೆಮನೆಯಲ್ಲಿ ನಿಂತವರಿಗೆ ಮಾತ್ರ ಇದು ದೊಡ್ಡ ಉಪಕಾರ. ಹಾಲು ಉಕ್ಕುತ್ತದೆ, ಬಾಗಿಲಿಗೆ ಯಾರೋ ಬರುತ್ತಾರೆ, ಎದ್ದು ಹೋಗಿ ಬಂದರೂ ಕಥೆ ನಮಗಾಗಿ ಅಲ್ಲೇ ಕಾಯುತ್ತಿರುತ್ತದೆ.

ಓಟಿಟಿಗೆ ಅಂತಲೇ ಮಾಡಿದ ಸೀರೀಸ್ ಹೀಗಿಲ್ಲ. ಜೀ5 2025ರಲ್ಲಿ ‘ಅಯ್ಯನ ಮನೆ’ ತಂದಿತು. ಧಾರಾವಾಹಿ ಮಾಡಿ ಕೈ ಪಳಗಿದ ರಮೇಶ್ ಇಂದಿರಾ ಅವರದೇ ನಿರ್ದೇಶನ, ಬರೀ ಆರು ಕಂತು. ಇದೇ ಕಥೆ ಚಾನೆಲ್‌ನಲ್ಲಿ ಬಂದಿದ್ದರೆ ವರ್ಷಗಟ್ಟಲೆ ನಡೆಯುತ್ತಿತ್ತು. ಇಂಥವನ್ನು ನಾವು ಕೆಲಸದ ಹೊತ್ತಿನಲ್ಲಿ ಹಚ್ಚಿ ನೋಡಿದೆವು. ಆಗಲಿಲ್ಲ. ಒಬ್ಬಳು ಬಾಗಿಲ ಸಂದಿಯಿಂದ ನೋಡುತ್ತಾಳೆ, ಏನೂ ಮಾತಾಡುವುದಿಲ್ಲ, ಹಿಂದೆ ಸಣ್ಣಗೆ ಮ್ಯೂಸಿಕ್. ಅಷ್ಟರಲ್ಲಿ ಕಥೆ ಒಂದು ಹೆಜ್ಜೆ ಮುಂದೆ ಹೋಗಿರುತ್ತದೆ. ನಮ್ಮ ಕಣ್ಣು ಹಂಚಿನ ಮೇಲೆ. ನಮ್ಮಲ್ಲಿ ರೊಟ್ಟಿ ಬಡಿಯಲು ಬರುವ ಹಿರಿಯಾಕೆ ಒಬ್ಬರು ಬೇಸತ್ತು ಹೇಳಿದರು: “ಯಾರೂ ಮಾತಾಡವಲ್ರು ನೋಡ್ರಿ ವೈನಿ, ಕೇಳಿ ಏನ್ ತಿಳೀಬೇಕು?”

ಅವರ ಮಾತು ಖರೆ. ಚಾನೆಲ್ ಧಾರಾವಾಹಿ ಕಿವಿಗೆ, ಓಟಿಟಿ ಸೀರೀಸ್ ಕಣ್ಣಿಗೆ. ಒಂದು ಚಲೋ, ಇನ್ನೊಂದು ಕೆಟ್ಟದ್ದು ಅಂತಲ್ಲ. ಓಟಿಟಿ ಸೀರೀಸ್ ಕೂತು ನೋಡುವವರನ್ನು ನಂಬಿ ಮಾಡಿದ್ದು, ಅಷ್ಟೇ. ಮಧ್ಯಾಹ್ನ ಒಲೆ ಆರಿಸಿ, ಕೈ ತೊಳೆದು, ಗೋಡೆಗೆ ಬೆನ್ನು ಕೊಟ್ಟು ಕೂತು ಅದೇ ಕಂತುಗಳನ್ನು ಮತ್ತೆ ನೋಡಿದೆವು. ಆಗ ನನಗೆ ಎಷ್ಟು ಹಿಡಿಸಿತು ಅಂದರೆ, ಮುಗಿದಾಗ ಇನ್ನೊಂದು ಕಂತು ಇರಬಾರದಿತ್ತಾ ಅನ್ನಿಸಿತು. ಆ ಹಿರಿಯಾಕೆಯೂ ಮಿಸುಕಾಡದೆ ನೋಡಿದರು.

ಸಣ್ಣ ಸೀರೀಸ್ ಹೊಸತು ಅಂತ ನನ್ನ ಮಗಳು ಹೇಳುತ್ತಾಳೆ. ನನಗೆ ಹಾಗನ್ನಿಸುವುದಿಲ್ಲ. ದೂರದರ್ಶನದ ಕಾಲದಲ್ಲಿ ವಾರಕ್ಕೊಂದು ಕಂತು ಬರುತ್ತಿತ್ತು, 13 ಕಂತಿನ ಲೆಕ್ಕದಲ್ಲಿ ಒಪ್ಪಿಗೆ ಕೊಡುತ್ತಿದ್ದರು. 13 ವಾರ ಅಂದರೆ ಮೂರು ತಿಂಗಳು. ಶಂಕರ್‌ನಾಗ್ ಆಗುಂಬೆಯಲ್ಲಿ ಮಾಡಿದ ‘ಮಾಲ್ಗುಡಿ ಡೇಸ್’ ಮೊದಲು 39 ಕಂತು ಬಂತು, ಅಂದರೆ ಮೂರು ಹದಿಮೂರು. 1987ರ ಜನವರಿಯಲ್ಲಿ ಶುರುವಾದ ‘ರಾಮಾಯಣ’ವನ್ನು 52 ಕಂತಿಗೆ ಅಂತ ಮಾಡಿ, ಜನ ಬಿಡಲೊಲ್ಲರು ಅಂತ 78ಕ್ಕೆ ಒಯ್ದರು. ಅದೂ ಹದಿಮೂರರ ಲೆಕ್ಕಕ್ಕೇ ಕೂಡುತ್ತದೆ. ಮುಂದೆ 1994ರಲ್ಲಿ ಉದಯ ಟಿವಿ ಬಂತು, 2000ದಲ್ಲಿ ಈಟಿವಿ ಕನ್ನಡ, 2006ರಲ್ಲಿ ಜೀ ಕನ್ನಡ. ದಿನಾ ಕಂತು ಬರತೊಡಗಿತು. ವಾರವಾರ ಟಿಆರ್‌ಪಿ, ಅಂದರೆ ಎಷ್ಟು ಜನ ನೋಡಿದರು ಅನ್ನುವ ಲೆಕ್ಕ, ನೋಡಿ ಕಥೆ ತಿರುಗಿಸುವುದು ಶುರುವಾಯಿತು. ಜನ ನೋಡುವವರೆಗೆ ಮುಗಿಸುವ ಹಾಗಿಲ್ಲ. ಮುಗಿಸುವ ದಿನ ಗೊತ್ತಿಲ್ಲದೆ ಕಥೆ ಬರೆಯುವುದು ಎಷ್ಟು ಕಷ್ಟ ಅಲ್ವಾ? ಸತ್ತವರು ಎದ್ದು ಬರುವುದು, ನೆನಪು ಹೋಗುವುದು ಎಲ್ಲ ಅಲ್ಲಿಂದಲೇ ಬಂದದ್ದು. ಬರೆಯುವವರನ್ನು ಬೈದು ಪ್ರಯೋಜನವಿಲ್ಲ.

ಕೆಲಸದ ಹೊತ್ತಿಗೆ ನಾವೀಗ ಹಚ್ಚುವುದು ಹಳೆಯ ಕನ್ನಡ ಧಾರಾವಾಹಿ. ಈ ಬಾಕ್ಸ್‌ನಿಂದ ನನಗೆ ಅತಿ ಹೆಚ್ಚು ಉಪಯೋಗ ಆದದ್ದು ಇದೇ. 1998ರಲ್ಲಿ ಶುರುವಾದ ಟಿ.ಎನ್. ಸೀತಾರಾಮ್ ಅವರ ‘ಮಾಯಾಮೃಗ’ ಯೂಟ್ಯೂಬ್‌ನಲ್ಲಿ ಸಿಗುತ್ತದೆ. ಮಾತೇ ಅದರ ಜೀವ. ಕೋರ್ಟಿನ ದೃಶ್ಯ ಬಂದರೆ ಟಿವಿ ನೋಡಲೇ ಬೇಕಾಗಿಲ್ಲ. ವಕೀಲರ ಪ್ರಶ್ನೆ, ಸಾಕ್ಷಿಯ ತಡವರಿಕೆ ಎಲ್ಲ ಕಿವಿಯಲ್ಲೇ ಕಾಣುತ್ತದೆ. ಹಿಟ್ಟು ನಾದುವವರೂ ಕೈ ನಿಲ್ಲಿಸಿ ಕೇಳುತ್ತಾರೆ.

ನಮ್ಮ ಅತ್ತೆಯವರಿಗೆ ಮಾತ್ರ ಚಾನೆಲ್ಲೇ ಆಗಬೇಕು. ಏಳು ಗಂಟೆ ಅಂದರೆ ಏಳು ಗಂಟೆ. ಚಾನೆಲ್‌ನಲ್ಲಿ ಬರುವ ಮೊದಲೇ ಕಂತನ್ನು ಆಪ್‌ನಲ್ಲಿ ಕೊಡುತ್ತಾರೆ, ದುಡ್ಡು ಕೊಟ್ಟವರು ನೋಡಬಹುದು. ಮಗಳು ಧಾರವಾಡದ ಕಾಲೇಜಿಗೆ ಹೋಗುವ ಬಸ್ಸಿನಲ್ಲೇ ನೋಡಿ ಮುಗಿಸುತ್ತಾಳೆ, ಅದೂ ಸ್ಪೀಡ್ ಹೆಚ್ಚಿಸಿ. ಅತ್ತೆಯವರ ಎದುರು ಏನಾಗುತ್ತದೆ ಅಂತ ಬಾಯಿಬಿಡಬಾರದು ಅಂತ ಅವಳಿಗೆ ಕಟ್ಟಪ್ಪಣೆ. ಮೊದಲಾದರೆ ಮರುದಿನ ನಳದ ಹತ್ತಿರ ಇಡೀ ಓಣಿ ಒಂದೇ ಕಂತಿನ ಬಗ್ಗೆ ಮಾತಾಡುತ್ತಿತ್ತು. ಈಗ ಒಬ್ಬೊಬ್ಬರು ಒಂದೊಂದು ಕಂತಿನಲ್ಲಿರುತ್ತಾರೆ. ಅದು ನನಗೆ ನಿಜವಾಗಿ ಕಳೆದುಹೋಗಿದೆ ಅನ್ನಿಸುತ್ತದೆ. ಅದಕ್ಕೇ ಇದರಲ್ಲಿ ಚಾನೆಲ್ಲೂ ಬರುತ್ತದಲ್ಲ, ಅದನ್ನು ತೆಗೆಸಬೇಡಿ.

ಇನ್ನು ಆ ಒಂದು ಅಂಕದ ವಿಷಯ.

ಪ್ಲಾನ್‌ನಲ್ಲಿ ಇಷ್ಟು ಆಪ್ ಫ್ರೀ ಅಂತ ಚೀಟಿಯಲ್ಲಿ ಬರೆದಿದ್ದರು. ಹಚ್ಚಿ ನೋಡಿದರೆ ಒಂದು ಆಪ್ ಮೊಬೈಲ್‌ನಲ್ಲಿ ಮಾತ್ರ ನಡೆಯುತ್ತದೆ, ಟಿವಿಗೆ ಬೇರೆ ದುಡ್ಡು ಕೊಡಬೇಕು. ಫೋನ್ ಮಾಡಿದರೆ ಹುಡುಗ, “ಅದು ಕಂಪನಿ ರೂಲ್ ಐತ್ರಿ ಅಕ್ಕಾರ, ನಮ್ಮ ಕೈಯಾಗ ಇಲ್ರಿ” ಅಂದ. ಅವನ ಕೈಯಲ್ಲಿ ಇಲ್ಲದಿರಬಹುದು, ಚೀಟಿಯಲ್ಲಿ ಬರೆಯಬಹುದಿತ್ತಲ್ಲ. ಕಡೆಗೆ ನಾವು ದುಡ್ಡು ಕೊಟ್ಟು ದೊಡ್ಡ ಪ್ಲಾನ್‌ಗೇ ಹೋದೆವು.

ಇನ್ನೊಂದು, ಸ್ವಲ್ಪ ಹೊತ್ತು ಯಾರೂ ಬಟನ್ ಒತ್ತದಿದ್ದರೆ ‘ಇನ್ನೂ ನೋಡುತ್ತಿದ್ದೀರಾ’ ಅಂತ ಕೇಳಿ ಟಿವಿ ನಿಂತುಬಿಡುತ್ತದೆ. ಎಲ್ಲರ ಕೈಯೂ ಜೋಳದ ಹಿಟ್ಟು. ರಿಮೋಟ್‌ಗೆ ಪ್ಲಾಸ್ಟಿಕ್ ಕವರ್ ಸುತ್ತಿ, ಬೆರಳಿನ ಗಂಟಿನಿಂದ ಒತ್ತುತ್ತೇವೆ. ಮಾತಾಡಿ ಹುಡುಕುವ ಸೌಲಭ್ಯ ಚಲೋ ಇದೆ, ಕನ್ನಡದಲ್ಲಿ ಧಾರಾವಾಹಿ ಹೆಸರು ಹೇಳಿದರೆ ಹುಡುಕಿ ಕೊಡುತ್ತದೆ. ಅದಕ್ಕೂ ಮೊದಲು ಮೈಕ್ ಬಟನ್ ಒತ್ತಬೇಕು. ಭಾಷೆಯದ್ದೂ ಕಿರಿಕಿರಿ. ಒಂದು ಆಪ್‌ನಲ್ಲಿ ಡಬ್ ಆದ ಸೀರೀಸ್‌ಗೆ ಕನ್ನಡ ಅಂತ ಆರಿಸಿಟ್ಟರೂ ಮುಂದಿನ ಕಂತು ಹಿಂದಿಯಲ್ಲಿ ಶುರುವಾಗುತ್ತದೆ.

ಕನ್ನಡದ್ದೇ ಸೀರೀಸ್ ಕಡಿಮೆ ಇರುವುದು ಬಾಕ್ಸ್‌ನ ತಪ್ಪಲ್ಲ, ಆದರೂ ಹೇಳಲೇಬೇಕು. ತೆಲುಗು, ತಮಿಳು, ಮಲಯಾಳಂ ಸಾಲುಗಟ್ಟಿ ಕಾಣುತ್ತವೆ. ‘ಏಕಂ’ ಅಂತ ಏಳು ಕಂತಿನ ಸೀರೀಸ್ ಮಾಡಿದವರು ಯಾವ ಓಟಿಟಿಯೂ ತಗೊಳ್ಳದೆ, 2024ರ ಜುಲೈನಲ್ಲಿ ತಮ್ಮದೇ ವೆಬ್‌ಸೈಟ್ ಮಾಡಿ ಅದರಲ್ಲಿ ಬಿಟ್ಟರು. ಅವರವರ ಊರಿನ ಕಥೆಗೆ ಹೀಗೆ ಬಾಗಿಲು ಹುಡುಕಬೇಕಾದರೆ ಬೇಜಾರಾಗುತ್ತದೆ. ಅದು ಕರಾವಳಿಯ ಕಥೆಗಳು. ನಮ್ಮ ಕಡೆಯ ಮಾತು, ನಮ್ಮ ಬ್ಯಾಡಗಿ, ಲಕ್ಷ್ಮೇಶ್ವರ, ಕುಂದಗೋಳದ ಮನೆಗಳು ಇರುವ ಒಂದು ಸೀರೀಸ್ ನೋಡಬೇಕು ಅಂತ ನನಗೆ ಬಹಳ ಆಸೆ. ಧಾರವಾಡದ ಮಾತನ್ನು ಬರೀ ನಗಿಸುವ ಪಾತ್ರಕ್ಕೆ ಇಡದೆ, ಅಳುವವರ, ಪ್ರೀತಿಸುವವರ, ಲೆಕ್ಕ ಬರೆಯುವವರ ಬಾಯಲ್ಲೂ ಕೊಡಬೇಕು.

ಹಾಕಿಸಿಕೊಳ್ಳುವವರಿಗೆ ಎರಡು ಮಾತು. ಯಾವ ಆಪ್ ಟಿವಿಯಲ್ಲಿ ನಡೆಯುತ್ತದೆ ಅನ್ನುವುದನ್ನು ಬಾಯಿಮಾತಿನಲ್ಲಿ ಬಿಡದೆ ನಿಮ್ಮ ಮನೆಯಲ್ಲೇ ಹಚ್ಚಿ ತೋರಿಸಿ ಅನ್ನಿ, ಆಮೇಲೆ ದುಡ್ಡು ಕೊಡಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಟಿವಿ ಜೊತೆ ಫೈಬರ್‌ನ ಡಬ್ಬಿಯನ್ನೂ (ಇಂಟರ್ನೆಟ್ ಕೊಡುವ ಮೋಡೆಮ್) ಅದೇ ಲೈನಿಗೆ ಹಾಕಿಸಿ. ನಮ್ಮಲ್ಲಿ ಅದನ್ನು ಬೇರೆ ಪಾಯಿಂಟ್‌ಗೆ ಹಾಕಿ ಹೋಗಿದ್ದರು. ಕರೆಂಟ್ ಹೋದರೆ ಟಿವಿ ಉರಿಯುತ್ತಿತ್ತು, ಒಳಗೆ ಏನೂ ಬರುತ್ತಿರಲಿಲ್ಲ. ಹೇಳಿದ ಮೇಲೆ ಅದೇ ಹುಡುಗ ಬಂದು ಒಂದು ವೈರ್ ಎಳೆದು ಸರಿ ಮಾಡಿಕೊಟ್ಟ, ಅದಕ್ಕೆ ದುಡ್ಡು ಕೇಳಲಿಲ್ಲ.