ಇಲಿ ಹತ್ತದ ಕಾಳುಕಂಬ: ಕಿಟ್‌ನಲ್ಲಿ ಯಾವುದು ಗಟ್ಟಿ, ಯಾವುದು ಜೊಳ್ಳು

ನೆಲಕ್ಕೆ ಹೂಳುವ ಲೋಹದ ಕಂಬ, ಅದಕ್ಕೆರಡು ಕೊಕ್ಕೆ, ಹಕ್ಕಿಗಳಿಗೆ ಕಾಳು ಹಾಕಿಡುವ ಒಂದು ಕೊಳವೆ ಫೀಡರ್, ಫೀಡರ್ ಅಡಿಗೆ ತಟ್ಟೆ, ಕಂಬದ ನಡುವಿಗೆ ಕೊಡೆಯಂಥ ಒಂದು ತಡೆ. ಇಷ್ಟನ್ನು ಒಂದು ಪೆಟ್ಟಿಗೆಯಲ್ಲಿಟ್ಟು ‘ಇಲಿ ನಿರೋಧಕ’ ಎಂದು ಮಾರುವ ಕಿಟ್‌ಗಳು ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತವೆ. ಒಳಗಿನ ಸಾಮಾನು ಹೆಚ್ಚು ಕಡಿಮೆ ಒಂದೇ ಬಗೆಯದು. ಐದಕ್ಕೆ ಮೂರು ಅಂಕ ಕೊಡಬಹುದು: ಕೊಳವೆ ಚೆನ್ನಾಗಿದೆ, ಕಂಬ ಗಿಡ್ಡ, ತಟ್ಟೆ ಬಳಸುವವರ ಶಿಸ್ತಿಗೆ ಬಿಟ್ಟದ್ದು, ಕೊಡೆ ಮಾತ್ರ ನೋಟಕ್ಕೆ.

ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಇಲಿ ಕಂಬ ಹತ್ತಲಾಗದೆ ಜಾರುತ್ತಿರುತ್ತದೆ. ನಿಜವಾಗಿ ನಡೆಯುವುದು ಹಾಗಲ್ಲ. ಕಂಬ ಹತ್ತುವ ಯೋಚನೆ ಇಲಿಗೆ ಬರುವುದು ಆಮೇಲೆ. ಮೊದಲು ಅದನ್ನು ಕರೆತರುವುದು ನೆಲಕ್ಕೆ ಉದುರಿದ ಕಾಳು. ಬೆಳೆದ ಇಲಿಯೊಂದಕ್ಕೆ ದಿನಕ್ಕೆ 20–30 ಗ್ರಾಂ ಆಹಾರವಾದರೆ ಹೊಟ್ಟೆ ತುಂಬುತ್ತದೆ. ಗೋಧಿ, ಜೋಳ, ನವಣೆ ಎಲ್ಲ ಬೆರೆಸಿದ ಕಾಳನ್ನು ಕೊಳವೆಗೆ ತುಂಬಿದರೆ ಅಷ್ಟನ್ನು ಹಕ್ಕಿಗಳೇ ಕೆಳಗೆ ಚೆಲ್ಲಿ ಹೋಗುತ್ತವೆ. ಆದ್ದರಿಂದ ಈ ಕಿಟ್‌ನ ಪರೀಕ್ಷೆ ಕಂಬದ ಮೇಲಲ್ಲ, ಮುಸ್ಸಂಜೆಗೆ ಕಂಬದ ಬುಡದಲ್ಲಿ.

ಹಾಗೆಂದು ತಡೆ ಬೇಡವೆಂದಲ್ಲ. ಕಿಟ್‌ನ ಕೊಡೆ ಸಾಮಾನ್ಯವಾಗಿ 30 ಸೆಂ.ಮೀ. ಅಗಲದ ಪ್ಲಾಸ್ಟಿಕ್. ನಡುವೆ ಕಂಬವಿರುವುದರಿಂದ ಕಂಬದಿಂದ ಅಂಚಿಗೆ ದೂರ ಕೇವಲ 15 ಸೆಂ.ಮೀ. ಬಾಲ ಬಿಟ್ಟು 20 ಸೆಂ.ಮೀ.ಗೂ ಮಿಕ್ಕ ಮೈಯುಳ್ಳ ಇಲಿ ಹಿಂಗಾಲಲ್ಲಿ ಕಂಬ ತಬ್ಬಿ ಮೈ ಚಾಚಿದರೆ ಅಂಚು ಸಿಕ್ಕೇ ಸಿಗುತ್ತದೆ. ಪ್ಲಾಸ್ಟಿಕ್ ಆದ್ದರಿಂದ ಅಂಚನ್ನು ಕಡಿದು ಹಿಡಿತವನ್ನೂ ಮಾಡಿಕೊಳ್ಳುತ್ತದೆ. ಕೊಡೆಯೇ ಬೇಕೆಂದರೆ ಕನಿಷ್ಠ 45 ಸೆಂ.ಮೀ. ಅಗಲದ ತಗಡಿನದಿರಲಿ.

ಅದಕ್ಕಿಂತ ಒಳ್ಳೆಯದು ಕೊಳವೆ ಆಕಾರದ ತಡೆ. ಜಿಐ (ಸತು ಲೇಪಿಸಿದ ಕಬ್ಬಿಣದ) ತಗಡನ್ನು 15ರಿಂದ 20 ಸೆಂ.ಮೀ. ವ್ಯಾಸಕ್ಕೆ, 60 ಸೆಂ.ಮೀ. ಉದ್ದಕ್ಕೆ ಸುತ್ತಿ ರಿವೆಟ್ ಹೊಡೆಯಬೇಕು. ಮೇಲ್ಬಾಯಿಗೆ ತಗಡಿನ ಮುಚ್ಚಳ, ಅದರ ನಡುವೆ ಕಂಬ ಹಿಡಿಯುವಷ್ಟೇ ತೂತು. ಕೆಳಬಾಯಿ ತೆರೆದೇ ಇರಲಿ. ಕಂಬಕ್ಕೆ ಒಂದು ಹೋಸ್ ಕ್ಲಾಂಪು (ತಿರುಪಿನಿಂದ ಬಿಗಿಯುವ ಲೋಹದ ಪಟ್ಟಿ) ಬಿಗಿದು, ಮುಚ್ಚಳ ಅದರ ಮೇಲೆ ಕೂರುವಂತೆ ತಡೆಯನ್ನು ಇಳಿಬಿಟ್ಟರೆ ಕೆಲಸ ಮುಗಿಯಿತು. ಕಂಬ ಹಿಡಿದು ಬಂದ ಇಲಿ ಕೊಳವೆಯೊಳಗೆ ನುಗ್ಗಿ, ಮೇಲೆ ದಾರಿ ಕಾಣದೆ ಇಳಿದುಹೋಗುತ್ತದೆ. ಹೊರಮೈಯಿಂದ ಹತ್ತೋಣವೆಂದರೆ ಅಷ್ಟು ದಪ್ಪದ ನುಣುಪು ತಗಡು ತಬ್ಬಲು ಸಿಗುವುದಿಲ್ಲ. ತಡೆ ಸ್ವಲ್ಪ ಅಲ್ಲಾಡಿದರೆ ಇನ್ನೂ ಒಳ್ಳೆಯದು. ತಿರುಪು ಹಾಕಿ ಬಿಗಿ ಮಾಡಬಾರದು. ಹೆಚ್ಚಿನವರು ಎಡವುವುದು ಮೇಲಿನ ತೂತಿನಲ್ಲಿ. ಕಂಬದ ಸುತ್ತ 12 ಮಿ.ಮೀ. ಸಂದು ಉಳಿದರೆ ಮರಿ ಇಲಿ ತೂರಿಕೊಳ್ಳುತ್ತದೆ, ಚಿಟ್ಟಿಲಿಗಾದರೆ 6 ಮಿ.ಮೀ. ಸಾಕು. ಕ್ಲಾಂಪಿನ ಮೇಲೆ ಒಂದು ರಬ್ಬರ್ ವಾಷರ್ ಕೂರಿಸಿ, ಮುಚ್ಚಳ ಅದಕ್ಕೆ ಒರಗುವಂತೆ ಮಾಡಿದರೆ ಈ ತೊಂದರೆಯಿಲ್ಲ.

ಈಗ ಕಂಬದ ಲೆಕ್ಕ. ದೊಡ್ಡ ಇಲಿ ನಿಂತಲ್ಲಿಂದ ಸುಮಾರು ಮುಕ್ಕಾಲು ಮೀಟರ್ ಎತ್ತರಕ್ಕೆ ನೆಗೆಯಬಲ್ಲದು. ಹಾಗಾಗಿ ತಡೆಯ ಕೆಳಬಾಯಿ ನೆಲದಿಂದ 1.1 ಮೀಟರ್ ಮೇಲಿರಬೇಕು. ಅದಕ್ಕೆ ತಡೆಯ 60 ಸೆಂ.ಮೀ. ಸೇರಿದರೆ 1.7 ಮೀಟರ್. ತಟ್ಟೆ, ಕೊಳವೆ, ಕೊಕ್ಕೆ ಇವೆಲ್ಲ ಅದರಿಂದ ಮೇಲಕ್ಕೆ, ಎಂದರೆ ಇನ್ನೂ 50 ಸೆಂ.ಮೀ. ನೆಲದ ಮೇಲೆ 2.2 ಮೀಟರ್, ಮಣ್ಣಿನೊಳಗೆ 40 ಸೆಂ.ಮೀ.: ಒಟ್ಟು 2.6 ಮೀಟರ್ ಕಂಬ ಬೇಕು. ಕಿಟ್‌ನಲ್ಲಿ ಬರುವುದು ಎರಡು ಮೀಟರಿನ ಆಸುಪಾಸಿನದು. ಅದನ್ನೇ ಹೂತರೆ ತಟ್ಟೆ ತಡೆಯ ಪಕ್ಕಕ್ಕೇ ಜೋತುಬೀಳುತ್ತದೆ, ತಡೆ ಇದ್ದೂ ಇಲ್ಲದಂತೆ. ಕಂಬದ ತುಂಡುಗಳು ಒಂದರೊಳಗೊಂದು ಸೇರುವಂಥವಾದರೆ ಇನ್ನೊಂದು ತುಂಡು ಕೊಂಡು ಕೆಳಗೆ ಜೋಡಿಸಿ. ಸೇರುವ ಜಾಗದಲ್ಲಿ ಒಂದು ಅಡ್ಡ ತಿರುಪು ಹೊಡೆಯದಿದ್ದರೆ ಗಾಳಿಗೆ ತಿರುಗುತ್ತಾ ಕೂರುತ್ತದೆ.

ಜಾಗದ ವಿಷಯದಲ್ಲಿ ರಾಜಿ ಇಲ್ಲ. ಗೋಡೆ, ಬೇಲಿ, ಮರದ ಕೊಂಬೆ, ಬಟ್ಟೆ ಒಣಗಿಸುವ ತಂತಿ ಎಲ್ಲದರಿಂದಲೂ ಎರಡೂವರೆಯಿಂದ ಮೂರು ಮೀಟರ್ ದೂರವಿರಲಿ. ಇಲಿಗೆ ಇಷ್ಟು ಬೇಡ, ಆದರೆ ಅಳಿಲು ನೆಗೆಯುವ ದೂರ ಅಷ್ಟಿದೆ. ಅಳಿಲು ಮೇಲೆ ಕೂತು ಚೆಲ್ಲಿದ್ದು ಕೆಳಗಿನ ಇಲಿಯ ಪಾಲು. ಕಂಬದ ಬುಡದಲ್ಲಿ ಪೊದೆ ಬೇಡ, ಹೂಕುಂಡವೂ ಬೇಡ. ಬಯಲು ದಾಟಿ ಬರಲು ಇಲಿ ಅಂಜುತ್ತದೆ. ಬುಡದ ಸುತ್ತ ಒಂದು ಮೀಟರಿನಷ್ಟು ಚಪ್ಪಡಿ ಹಾಸಿದರೆ ಗುಡಿಸುವುದೂ ಸುಲಭ. ಹುಲ್ಲಿನಲ್ಲಿ ಬಿದ್ದ ಕಾಳನ್ನು ಆರಿಸುವುದು ಯಾರಿಂದಲೂ ಆಗದ ಮಾತು.

ಕೊಳವೆಯ ಬಗ್ಗೆ ದೂರಿಲ್ಲ. ಲೋಹದ ಕಾಳುಬಾಯಿ, ಲೋಹದ ಕೂರುಕಡ್ಡಿ, ಕಳಚಿ ತೊಳೆಯಬಹುದಾದ ತಳ. ಕೊಳ್ಳುವಾಗ ತಳ ಕಳಚುತ್ತದೆಯೇ ಎಂದು ಮಾತ್ರ ನೋಡಿಕೊಳ್ಳಿ. ಕಳಚದಿದ್ದರೆ ಕೊನೆಯ ಕಾಳುಬಾಯಿಯ ಕೆಳಗೆ ಒಂದು ಹಿಡಿ ಕಾಳು ಸದಾ ಉಳಿದು, ನೆನೆದು, ಬೂಷ್ಟು ಹಿಡಿಯುತ್ತದೆ.

ತಟ್ಟೆಯದು ಎರಡು ಅಲಗಿನ ಕತ್ತಿ. ಉದುರುವ ಕಾಳನ್ನು ಹಿಡಿಯುತ್ತದೆ, ನಿಜ. ಆದರೆ ಅದೇ ಪಾರಿವಾಳಗಳಿಗೆ ಊಟದ ಮೇಜೂ ಆಗುತ್ತದೆ, ಮೂರು ಪಾರಿವಾಳ ಕೂತು ಎದ್ದರೆ ತಟ್ಟೆಯಲ್ಲಿದ್ದದ್ದೆಲ್ಲ ನೆಲಕ್ಕೆ. ಕಾಳಿನ ನಡುವೆ ಹಿಕ್ಕೆಯೂ ಬಿದ್ದು ರೋಗ ಹರಡುವ ಜಾಗವೂ ಅದೇ. 40 ಸೆಂ.ಮೀ. ಅಗಲದ, ಜಾಲರಿ ತಳವಿರುವ ತಟ್ಟೆಯನ್ನು ಕೊಳವೆಯ ತಳಕ್ಕೆ ಒತ್ತಿದಂತೆ ಕಟ್ಟಿ. ಸಂಜೆ ತಟ್ಟೆ ಖಾಲಿ ಮಾಡುವ ಅಭ್ಯಾಸವಿಲ್ಲದವರು ತಟ್ಟೆ ಕಟ್ಟದಿರುವುದೇ ಮೇಲು.

ಇನ್ನು ಕಾಳು. ಅರ್ಧ ಸಮಸ್ಯೆ ಇಲ್ಲೇ ಬಗೆಹರಿಯುತ್ತದೆ. ಕಿಟ್ ಜೊತೆ ಉಚಿತವಾಗಿ ಕೊಡುವ ಮಿಶ್ರ ಕಾಳಿನ ಪೊಟ್ಟಣವನ್ನು ಕೊಳವೆಗೆ ಸುರಿಯಬೇಡಿ. ಹಕ್ಕಿ ತನಗೆ ಬೇಕಾದ ಕಾಳು ಸಿಗುವವರೆಗೂ ಉಳಿದದ್ದನ್ನು ಕೊಕ್ಕಿನಿಂದ ಪಕ್ಕಕ್ಕೆ ಎಸೆಯುತ್ತದೆ. ಸೂರ್ಯಕಾಂತಿ ತಿನ್ನಲು ಬಂದ ಹಕ್ಕಿ ಗೋಧಿ ಎಸೆಯುತ್ತದೆ, ನವಣೆಗೆ ಬಂದ ಗುಬ್ಬಿ ಜೋಳ ಎಸೆಯುತ್ತದೆ. ಒಂದು ಕೊಳವೆಗೆ ಒಂದೇ ಕಾಳು ಹಾಕಿದರೆ ಎಸೆಯಲು ಕಾರಣವೇ ಇರುವುದಿಲ್ಲ. ಮೊದಲ ಆಯ್ಕೆ ಸಿಪ್ಪೆ ತೆಗೆದ ಸೂರ್ಯಕಾಂತಿ. ಸಿಪ್ಪೆಯಿರುವ ಬೀಜದ ತೂಕದಲ್ಲಿ ಸುಮಾರು ಕಾಲು ಭಾಗ ಹೊಟ್ಟು. ಇಲಿ ಹೊಟ್ಟು ತಿನ್ನದು, ಆದರೆ ಹೊಟ್ಟಿನ ರಾಶಿಯಡಿ ಬಿದ್ದ ತಿರುಳು ಪೊರಕೆಗೆ ಸಿಗುವುದಿಲ್ಲ, ಇಲಿಯ ಮೂಗಿಗೆ ಸಿಗುತ್ತದೆ. ಸಿಪ್ಪೆ ತೆಗೆದದ್ದಕ್ಕೆ ಬೆಲೆ ಹೆಚ್ಚು, ಮಳೆಗೆ ಬೇಗ ಕೆಡುತ್ತದೆ, ಹಾಗಾಗಿ ಒಂದು ದಿನದ್ದಷ್ಟೇ ಹಾಕಬೇಕು. ಹುಚ್ಚೆಳ್ಳು ಕೂಡ ಒಳ್ಳೆಯದೇ, ಆದರೆ ಅದಕ್ಕೆ ಸೀಳಿನಂಥ ಸಣ್ಣ ಬಾಯಿಯ ಕೊಳವೆಯೇ ಬೇಕು. ಸೂರ್ಯಕಾಂತಿಯ ಕೊಳವೆಗೆ ಹಾಕಿದರೆ ಮರಳಿನಂತೆ ಸೋರಿಹೋಗುತ್ತದೆ. ಕಡಲೆಬೀಜವನ್ನು ಇಡಿಯಾಗಿ ಬಯಲಲ್ಲಿ ಇಡದೆ ಜಾಲರಿ ಫೀಡರ್‌ನಲ್ಲಿ ಹಾಕಿ, ಹಕ್ಕಿ ಅಲ್ಲೇ ಕುಕ್ಕಿ ಚೂರು ತಿನ್ನುವಂತಿರಲಿ. ಮುಗ್ಗಲು ವಾಸನೆಯ ಕಡಲೆಬೀಜ ಹಕ್ಕಿಗೂ ವಿಷ. ಅನ್ನ, ಬ್ರೆಡ್ಡು ಇತ್ಯಾದಿ ಅಡುಗೆಮನೆಯ ಉಳಿಕೆ ಹಾಕಿದರೆ ಇಷ್ಟೆಲ್ಲ ತಗಡು ಬಗ್ಗಿಸಿದ್ದು ವ್ಯರ್ಥ.

ಎಷ್ಟು ಹಾಕಬೇಕು? ಕೊಳವೆಯ ಮೇಲೆ ‘ಒಂದು ಕಿಲೋ ಹಿಡಿಯುತ್ತದೆ’ ಎಂದು ಬರೆದಿರುವುದು ಹಾಕಲೇಬೇಕೆಂದಲ್ಲ. ಬೆಳಗ್ಗೆ 100 ಗ್ರಾಂ ತೂಗಿ ಹಾಕಿ. ಸೂರ್ಯ ಮುಳುಗುವ ಒಂದು ಗಂಟೆ ಮೊದಲು ನೋಡಿ. ಉಳಿದಿದ್ದರೆ ಮರುದಿನ 20 ಗ್ರಾಂ ಕಡಿಮೆ, ಮಧ್ಯಾಹ್ನಕ್ಕೇ ಮುಗಿದಿದ್ದರೆ 20 ಗ್ರಾಂ ಹೆಚ್ಚು. ವಾರದೊಳಗೆ ಸರಿಯಾದ ಅಳತೆ ಸಿಗುತ್ತದೆ. ಸಂಜೆ ಕೊಳವೆ ಒಳಗೆ ತಂದಿಡಿ, ಬುಡ ಗುಡಿಸಿ, ಹಕ್ಕಿಯ ನೀರಿನ ತಟ್ಟೆಯನ್ನೂ ಕವುಚಿಡಿ. ನೀರಿಗೂ ಇಲಿ ಬರುತ್ತದೆ.

ಖಾರ ಲೇಪಿಸಿದ ಕಾಳನ್ನು ಕೆಲವು ಕಿಟ್‌ಗಳು ಹೆಚ್ಚುವರಿಯಾಗಿ ಮಾರುತ್ತವೆ. ಇದು ಬರೀ ಬೊಗಳೆಯಲ್ಲ: ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಸಸ್ತನಿಗಳ ನರಕ್ಕೆ ಉರಿ ತಟ್ಟಿಸುತ್ತದೆ, ಹಕ್ಕಿಗಳಿಗೆ ಆ ಉರಿ ಗೊತ್ತಾಗುವುದಿಲ್ಲ. ಆದರೆ ಹಸಿದ ಇಲಿ ತಿಂದೇ ತಿನ್ನುತ್ತದೆ, ಮಳೆಗೆ ಲೇಪ ತೊಳೆದುಹೋಗುತ್ತದೆ. ಮನೆಯಲ್ಲೇ ಖಾರದಪುಡಿ ಕಲಸಿದರೆ ಪುಡಿ ಹಾರಿ ಹಕ್ಕಿಯ ಕಣ್ಣಿಗೆ ಬೀಳುತ್ತದೆ, ತುಂಬುವವರ ಕಣ್ಣಿಗೂ. ಗುಡಿಸುವ ಕೆಲಸಕ್ಕೆ ಇದು ಬದಲಿಯಲ್ಲ.

ಇದೇ ಬೆಲೆಗೆ ಸಿಗುವ ಸ್ಪ್ರಿಂಗ್ ಫೀಡರ್ ಉತ್ತಮವೇ? ಭಾರ ಬಿದ್ದರೆ ಬಾಯಿ ಮುಚ್ಚುವ ಈ ಫೀಡರ್ 300 ಗ್ರಾಂ ತೂಗುವ ಬೆಳೆದ ಇಲಿಯನ್ನೂ ಪಾರಿವಾಳವನ್ನೂ ನಿಲ್ಲಿಸುತ್ತದೆ. ಗುಬ್ಬಿ 25–30 ಗ್ರಾಂ, ಚಿಟ್ಟಿಲಿ 20 ಗ್ರಾಂ. ಗುಬ್ಬಿಗೆ ತೆರೆಯುವ ಬಾಗಿಲು ಚಿಟ್ಟಿಲಿಗೂ ತೆರೆಯುತ್ತದೆ. ಪಂಜರದೊಳಗಿನ ಫೀಡರ್‌ದೂ ಇದೇ ಕಥೆ: 4 ಸೆಂ.ಮೀ. ಕಂಡಿ ಪಾರಿವಾಳವನ್ನು ತಡೆದೀತು, ಇಲಿಗೆ ಅದು ಹೆಬ್ಬಾಗಿಲು. ‘ಅಳಿಲು ನಿರೋಧಕ’ ಎಂಬ ಚೀಟಿ ನೋಡಿ ಇಲಿಗೂ ಆಯಿತೆಂದು ತಿಳಿಯಬಾರದು. ಕಂಬಕ್ಕೆ ಗ್ರೀಸು ಬಳಿಯುವ ಸಲಹೆ ಕೆಲವು ಕೈಪಿಡಿಗಳಲ್ಲಿದೆ. ಗ್ರೀಸು ಗರಿಗೆ ಅಂಟಿದ ಹಕ್ಕಿ ಅದನ್ನು ತೆಗೆಯಲಾರದು, ಬೆಚ್ಚಗಿರಲಾರದು. ಆ ಪುಟ ಹರಿದುಹಾಕಿ.

ಈಗಾಗಲೇ ಇಲಿ ಬರುತ್ತಿದ್ದರೆ ಕಿಟ್ ಕೊಳ್ಳುವ ಮೊದಲು ಎರಡು ಮೂರು ವಾರ ಕಾಳು ನಿಲ್ಲಿಸಿ. ಕಂಬದ ಬಳಿ ಒಂದೂವರೆ ಸೆಂ.ಮೀ. ಉದ್ದದ ಹಿಕ್ಕೆ, ಆರೇಳು ಸೆಂ.ಮೀ. ಅಗಲದ ಬಿಲ ಕಂಡರೆ ಅದು ಇಲಿಯೇ. ಬಿಲದ ಬಾಯಿಗೆ ಕಾಗದದ ಉಂಡೆ ತುರುಕಿ. ಮೂರು ದಿನ ಅದು ಕದಲದಿದ್ದರೆ ಬಿಲ ಖಾಲಿ, ಮಣ್ಣು ತುಂಬಿ ದಮ್ಮಸ್ಸು ಮಾಡಿ. ಕಾಳಿಡುವ ತೋಟದಲ್ಲಿ ಇಲಿ ಪಾಷಾಣ ಇಡಬಾರದು, ವಿಷ ತಿಂದ ಇಲಿಯನ್ನು ಹಿಡಿದ ಗೂಬೆಯೂ ಸಾಯುತ್ತದೆ. ಅಂಟು ಹಲಗೆಗೆ ಇಲಿಗಿಂತ ಮೊದಲು ನೆಲದಲ್ಲಿ ಕಾಳು ಆರಿಸುವ ಹಕ್ಕಿ ಸಿಕ್ಕಿಬೀಳುತ್ತದೆ.

ಕಾಳಿನ ದಾಸ್ತಾನು ಬಿಗಿಮುಚ್ಚಳದ ತಗಡಿನ ಡಬ್ಬದಲ್ಲಿರಲಿ, ಪ್ಲಾಸ್ಟಿಕ್ ಡ್ರಮ್ಮನ್ನು ಇಲಿ ಒಂದೆರಡು ರಾತ್ರಿಗೆ ಕೊರೆದೀತು. ಕೊಳವೆ, ತಟ್ಟೆಗಳನ್ನು ವಾರಕ್ಕೊಮ್ಮೆ ಸೋಪುನೀರಿನಲ್ಲಿ ತೊಳೆದು, 9 ಪಾಲು ನೀರಿಗೆ 1 ಪಾಲು ಬ್ಲೀಚ್ ಬೆರೆಸಿ ಹತ್ತು ನಿಮಿಷ ಅದ್ದಿಟ್ಟು, ಚೆನ್ನಾಗಿ ಜಾಲಿಸಿ, ಪೂರ್ತಿ ಒಣಗಿದ ಮೇಲೆಯೇ ಕಾಳು ತುಂಬಬೇಕು. ಬುಡ ಗುಡಿಸುವಾಗ ಕೈಗವಸು ಇರಲಿ, ಒಣ ಹಿಕ್ಕೆಗೆ ಮೊದಲು ನೀರು ಚಿಮುಕಿಸಿ. ಕಿಟ್‌ನಲ್ಲಿ ಕೈಗವಸೂ ಇಲ್ಲ, ಪೊರಕೆಯೂ ಇಲ್ಲ.